ಕಬ್ಬಿನ ಗದ್ದೆಯಲ್ಲಿ ಏಳು ಗಂಟೆ

ಅಪ್ಪ ಬಿದ್ದದ್ದು ರಾತ್ರಿ ಹನ್ನೊಂದೂವರೆ ಸುಮಾರಿಗೆ. ಕಣ್ಣಿಗೆ ಬಿದ್ದದ್ದು ಬೆಳಿಗ್ಗೆ ಆರೂಕಾಲಿಗೆ. ಹತ್ತಿರ ಹತ್ತಿರ ಏಳು ಗಂಟೆ. ಅಷ್ಟು ಹೊತ್ತೂ ಅವ್ವ ಮನೆಯಲ್ಲಿ ಮಲಗಿದ್ದಳು, ನಾನು ಮೈಸೂರಿನಲ್ಲಿ ಇಂಟರ್ನಲ್ಸ್ ಪೇಪರ್ ತಿದ್ದಿ ಮಲಗಿದ್ದೆ, ತಮ್ಮ ಬೆಂಗಳೂರಿನಲ್ಲಿ ನೈಟ್ ಶಿಫ್ಟ್‌ನಲ್ಲಿದ್ದ. ಮೂವರ ಫೋನೂ ಚಾರ್ಜ್ ಇತ್ತು, ಮೂವರದ್ದೂ ಆನ್ ಇತ್ತು.

ಊರು ಪಾಂಡವಪುರ ತಾಲ್ಲೂಕು. 2025ರ ಜನವರಿ. ದನಗಳಿಗೆ ಕಿಚ್ಚು ಹಾಯಿಸಿ ಇನ್ನೂ ವಾರ ಆಗಿರಲಿಲ್ಲ. ಆ ವಾರ ನಮ್ಮ ಕಡೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿ. ಕಬ್ಬಿಗೆ ಹತ್ತು ತಿಂಗಳಾಗಿತ್ತು, ನೀರು ತೋರಿಸಿ ಹದಿನೈದು ದಿನ ಆಗಿತ್ತು. ಅಪ್ಪನಿಗೆ 74 ವರ್ಷ. ಮುದ್ದೆ ಉಂಡು, ತಲೆಗೆ ಟವೆಲ್ ಸುತ್ತಿ, ಬ್ಯಾಟರಿ ಹಿಡಿದು ಹೊರಟರು. ಎಷ್ಟೋ ಸಲ ನೀರು ಕಟ್ಟಿ ಮೋಟರ್ ಮನೆಯಲ್ಲೇ ಮಲಗಿ ಬೆಳಿಗ್ಗೆ ಬರುವ ರೂಢಿ ಅವರಿಗಿತ್ತು. ಅದಕ್ಕೇ ಅವ್ವ ಹುಡುಕಲಿಲ್ಲ. ಇದನ್ನು ಇಲ್ಲಿ ಯಾಕೆ ಬರೆದೆ ಅಂದರೆ, ಆಮೇಲೆ ಬಂದ ನೆಂಟರೆಲ್ಲ ಅವ್ವನನ್ನೇ ಕೇಳಿದರು, ‘ನಿನಗೆ ಎಚ್ಚರ ಆಗಲಿಲ್ವಾ’ ಅಂತ. ಆಗುವಂಥ ಯಾವ ಕಾರಣವೂ ಅವಳಿಗೆ ಇರಲಿಲ್ಲ.

ಸ್ಟಾರ್ಟರ್ ಒತ್ತಿ, ಅಂಗಿ ನೆನೆಯುತ್ತೆ ಅಂತ ಬಿಚ್ಚಿ ಮೋಟರ್ ಮನೆಯ ಮೊಳೆಗೆ ನೇತುಹಾಕಿದರು. ಫೋನು ಆ ಅಂಗಿಯ ಜೇಬಿನಲ್ಲಿತ್ತು. ನಾಲ್ಕನೇ ಮಡೆ ತಿರುಗಿಸೋಕೆ ತೆವರಿ ಮೇಲೆ ಹೋಗುವಾಗ ಕಾಲು ಜಾರಿ, ಪಕ್ಕಕ್ಕೆ ವಾಲಿ ಸಾಲಿನೊಳಗೆ ಬಿದ್ದರು. ಸೊಂಟದ ಹತ್ತಿರ ‘ಕಟಕ್’ ಅಂದಿದ್ದು ಅವರಿಗೇ ಕೇಳಿಸಿತಂತೆ. ಬ್ಯಾಟರಿ ಕೈ ತಪ್ಪಿ ಕೆಸರಿಗೆ ಬಿದ್ದು ಅದರ ಬೆಳಕು ಕಬ್ಬಿನ ಬುಡದ ಮೇಲೆ ಬೀಳುತ್ತಿತ್ತಂತೆ. ‘ಅದು ಮಂಕಾಯ್ತಾ ಮಂಕಾಯ್ತಾ ಆರೋಗೋಗಂಟ ನೋಡ್ಕಂಡೇ ಇದ್ದೆ ಕಣವ್ವಾ’ ಅಂದರು. ಕೂಗಿದ್ದಾರೆ. ಮೋಟರ್ ಸದ್ದು, ಗರಿ ಒಂದಕ್ಕೊಂದು ಉಜ್ಜುವ ಸದ್ದು. ನೀರು ಬಂದು ಬೆನ್ನಿನ ಕೆಳಗೆ ನಿಂತಿದೆ. ಯಾವುದೋ ಹೊತ್ತಿನಲ್ಲಿ ಕರೆಂಟ್ ಹೋಗಿ ಮೋಟರ್ ನಿಂತಿದೆ. ಸದ್ದಡಗಿತಲ್ಲ, ಈಗ ಕೂಗಿದರೆ ಕೇಳಿಸುತ್ತೆ ಅಂದುಕೊಂಡರೆ ಅಷ್ಟರಲ್ಲಿ ಗಂಟಲು ಹೋಗಿತ್ತು.

ಬೆಳಿಗ್ಗೆ ಹುಲ್ಲು ಕುಯ್ಯೋಕೆ ಬಂದ ಪಕ್ಕದ ಗದ್ದೆಯವರು, ನೀರು ಒಡೆದು ಓಣಿಗೆ ಹರಿದಿರೋದನ್ನು ನೋಡಿ, ಬೈಯೋಣ ಅಂತಲೇ ಒಳಗೆ ಬಂದರು. ಹಾಗೆ ಸಿಕ್ಕಿದರು ಅಪ್ಪ. ಏಣಿಗೆ ಜಮಖಾನ ಹಾಸಿ ನಾಲ್ಕು ಜನ ಹೊತ್ತು ಗಾಡಿ ದಾರಿಯ ತನಕ ತಂದರು. 108 ಅಲ್ಲಿಗೆ ಬಂದು ನಿಂತಿತ್ತು.

ಆಸ್ಪತ್ರೆಗೆ ನಾನು ಮುಟ್ಟಿದಾಗ ಮೊದಲು ನೋಡಿದ್ದು ಮಂಚದ ಕಂಬಿಗೆ ಕಟ್ಟಿದ ಮೂತ್ರದ ಚೀಲವನ್ನು. ಡಿಕಾಕ್ಷನ್ ಬಣ್ಣ. ಸೋಸಿ ಇಟ್ಟ ಮೊದಲ ಡಿಕಾಕ್ಷನ್ ಇರುತ್ತಲ್ಲ, ಹಾಗೆ ದಟ್ಟ. ರಕ್ತ ಇರಬೇಕು ಅಂದುಕೊಂಡೆ. ಡಾಕ್ಟರು ತಾಳ್ಮೆಯಿಂದ ಹೇಳಿದರು: ಒಂದೇ ಮಗ್ಗುಲಲ್ಲಿ ಗಂಟೆಗಟ್ಟಲೆ ಬಿದ್ದಿದ್ದಾಗ ಕೆಳಗೆ ಸಿಕ್ಕಿಕೊಂಡ ಮಾಂಸಖಂಡಕ್ಕೆ ರಕ್ತ ಹೋಗದೆ ಅದು ಒಡೆಯುತ್ತೆ. ಅದರೊಳಗಿನ ಮಯೋಗ್ಲೋಬಿನ್ ಅನ್ನೋ ಪದಾರ್ಥ ರಕ್ತಕ್ಕೆ ಸೇರಿ ಕಿಡ್ನಿಗೆ ಹೋಗುತ್ತೆ, ಕಿಡ್ನಿಗೆ ಅದು ವಿಷ. ತೊಡೆಮೂಳೆಯ ಕತ್ತು ಮುರಿದಿದೆ, ಅದಕ್ಕೆ ಬಾಲ್ ಹಾಕಬಹುದು, ಆದರೆ ಮೊದಲು ಕಿಡ್ನಿ ಸುಧಾರಿಸಬೇಕು. ಮೂರು ದಿನ ಸಲೈನ್ ಹರಿಸುತ್ತಲೇ ಇದ್ದರು. ಆ ಮೂರು ದಿನ ನಾನು ಮಾಡಿದ್ದು ಒಂದೇ ಕೆಲಸ, ಚೀಲದ ಬಣ್ಣ ನೋಡುವುದು. ಡಿಕಾಕ್ಷನ್ ಹೋಗಿ ಟೀ ಆಯಿತು, ಟೀ ಹೋಗಿ ಎಳೆ ಬೆಲ್ಲದ ನೀರಿನ ಹಾಗಾಯಿತು. ನಾಲ್ಕನೇ ದಿನ ಆಪರೇಷನ್ ಮಾಡಿದರು.

ಅಪ್ಪನನ್ನು ಸಾವಿನ ಬಾಗಿಲಿಗೆ ಕೊಂಡೊಯ್ದಿದ್ದು ಬಿದ್ದದ್ದಕ್ಕಿಂತ ಹೆಚ್ಚಾಗಿ, ಬಿದ್ದಲ್ಲೇ ಇದ್ದದ್ದು. ಇದಕ್ಕೆ ವೈದ್ಯರ ನಡುವೆ ‘ಲಾಂಗ್ ಲೈ’ ಅಂತಲೇ ಹೆಸರಿದೆ. ಒಂದು ಗಂಟೆ ದಾಟಿತು ಅಂದರೆ ಲಾಂಗ್ ಲೈ. 1981ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂದಿತ್ತು. ಮನೆಯಲ್ಲಿ ಬಿದ್ದು ಒಂದು ಗಂಟೆಗೂ ಹೆಚ್ಚು ಹೊತ್ತು ನೆಲದ ಮೇಲೇ ಇದ್ದ ವಯಸ್ಸಾದವರಲ್ಲಿ ಅರ್ಧದಷ್ಟು ಜನ ಆರು ತಿಂಗಳೊಳಗೆ ತೀರಿಕೊಂಡಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಲ್ಲಿ ವರ್ಷಕ್ಕೆ 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆ, ಅದರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ನಮ್ಮೂರಲ್ಲಿ ಇವರನ್ನು ಯಾರೂ ಎಣಿಸಲ್ಲ. ‘ಬಚ್ಚಲಲ್ಲಿ ಬಿದ್ದರು, ಮೂರು ತಿಂಗಳು ಹಾಸಿಗೆ ಹಿಡಿದು ಹೋದರು’ ಅಂತಾರೆ, ಅಲ್ಲಿಗೆ ಮುಗಿಯಿತು.

ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಪ್ರತಿ ವರ್ಷ ಒಂದಾದರೂ ತಂಡ ‘ಫಾಲ್ ಡಿಟೆಕ್ಷನ್’, ಅಂದರೆ ಯಾರಾದರೂ ಬಿದ್ದರೆ ಗುರುತಿಸುವ ಯಂತ್ರದ ಪ್ರಾಜೆಕ್ಟ್ ಮಾಡುತ್ತೆ. ಎಂಪಿಯು 6050 ಅನ್ನೋ ಪುಟ್ಟ ಚಿಪ್ಪಿನ ಬೋರ್ಡು, ಇನ್ನೂರು ರೂಪಾಯಿ ಆಸುಪಾಸು. ಅದಕ್ಕೊಂದು ಮೈಕ್ರೋಕಂಟ್ರೋಲರ್, ಮೆಸೇಜ್ ಕಳಿಸೋಕೆ ಒಂದು ಜಿಎಸ್‌ಎಂ ಮಾಡ್ಯೂಲ್, ಒಂದು ಸಿಮ್. ಬೆಲ್ಟಿಗೆ ಕಟ್ಟಿಕೊಂಡು ಹುಡುಗರು ಹಾಸಿಗೆ ಮೇಲೆ ಬೀಳ್ತಾರೆ, ನನ್ನ ಫೋನಿಗೆ ಮೆಸೇಜ್ ಬರುತ್ತೆ, ನಾನು ಮಾರ್ಕ್ಸ್ ಕೊಡುತ್ತೇನೆ. ಆ ಬೋರ್ಡುಗಳು ಈಗಲೂ ಲ್ಯಾಬಿನ ಕಪಾಟಿನಲ್ಲಿ ಡಬ್ಬಿಯೊಳಗಿವೆ. ಅಪ್ಪ ಕೆಸರಲ್ಲಿ ಬಿದ್ದಿದ್ದ ರಾತ್ರಿಯೂ ಅಲ್ಲೇ ಇದ್ದವು. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಾಗ ಇದು ಕಾಡಿದಷ್ಟು ಇನ್ನೇನೂ ಕಾಡಲಿಲ್ಲ.

ಆ ಚಿಪ್ಪು ಮಾಡುವ ಕೆಲಸ ಕಷ್ಟದ್ದೇನಲ್ಲ. ಸುಮ್ಮನಿದ್ದಾಗ ಅದು ಭೂಮಿಯ ಸೆಳೆತವನ್ನು ಒಂದು ‘ಜಿ’ ಅಂತ ತೋರಿಸುತ್ತೆ. ಬೀಳುವಾಗ ಅರೆಕ್ಷಣ ಅದು ಸೊನ್ನೆಯ ಕಡೆಗೆ ಇಳಿಯುತ್ತೆ, ನಿಂತವರು ನೆಲ ಮುಟ್ಟೋಕೆ ಒಂದು ಸೆಕೆಂಡೂ ಬೇಡ. ನೆಲಕ್ಕೆ ತಾಗಿದಾಗ ಹಲವು ‘ಜಿ’ಗೆ ಚಿಮ್ಮುತ್ತೆ. ಆಮೇಲೆ ನಿಶ್ಚಲ. ಇಳಿತ, ಏಟು, ಮೌನ: ಈ ಮೂರೂ ಒಂದರ ಹಿಂದೊಂದು ಬಂದರೆ ‘ಯಾರೋ ಬಿದ್ದಿದ್ದಾರೆ’ ಅಂತ ಲೆಕ್ಕ. ಆಪಲ್ ವಾಚಿಗೆ ಇದು 2018ರಲ್ಲಿ ಬಂತು. ವಯಸ್ಸು 55 ದಾಟಿದೆ ಅಂತ ನಮೂದಿಸಿದ್ದರೆ ತಾನಾಗಿಯೇ ಆನ್ ಆಗಿರುತ್ತೆ, ಬಿದ್ದವರು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ತಾನೇ ಕರೆ ಮಾಡುತ್ತೆ. ಆಮೇಲೆ ಬೇರೆ ಕಂಪನಿಯವರೂ ತಂದರು.

ಕಷ್ಟ ಇರುವುದು ಎಲ್ಲಿ ಅಂದರೆ, ಯಂತ್ರಕ್ಕೆ ‘ಬೀಳುವುದು’ ಅಂದರೇನು ಅಂತ ಕಲಿಸಿದವರು ಯಾರು ಅನ್ನುವಲ್ಲಿ. ನಮ್ಮ ಲ್ಯಾಬಿನಲ್ಲಿ ಬಿದ್ದದ್ದು ಹತ್ತೊಂಬತ್ತರ ಹುಡುಗರು, ಅದೂ ಹಾಸಿಗೆ ಮೇಲೆ. ಜಗತ್ತಿನ ಎಲ್ಲೆಡೆಯೂ ಹೆಚ್ಚುಕಡಿಮೆ ಹೀಗೇ. ಕೊಲಂಬಿಯಾದ ಆಂಟಿಯೋಕಿಯಾ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಸಿಸ್‌ಫಾಲ್ ಅನ್ನೋ ದತ್ತಾಂಶವನ್ನು ಈ ಕೆಲಸ ಮಾಡೋರು ತುಂಬಾ ಬಳಸ್ತಾರೆ. ಅದರಲ್ಲಿ 23 ಯುವಕ ಯುವತಿಯರು, 15 ಹಿರಿಯರು. ಆ 15 ಜನರಲ್ಲಿ ಬಿದ್ದು ತೋರಿಸಿದ್ದು ಒಬ್ಬರೇ, 60ರ ಒಬ್ಬರು. ಸಹಜವೇ. ಎಪ್ಪತ್ತರ ಮುದುಕರನ್ನು ಬೀಳಿ ಅಂತ ಯಾರು ಹೇಳ್ತಾರೆ? ಆದರೆ ಎಪ್ಪತ್ತನಾಲ್ಕರವರು ಹುಡುಗರ ಹಾಗೆ ದಬಕ್ಕನೆ ಬೀಳುವುದು ಕಡಿಮೆ. ಗೋಡೆ ಹಿಡಿದು, ಕುಸಿದು, ಜಾರಿ ಕೂರುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಅಪ್ಪ ಮನೆಗೆ ಬಂದು ವಾಕರ್ ಹಿಡಿದು ಅಂಗಳಕ್ಕೆ ಇಳಿಯುವ ಹೊತ್ತಿಗೆ, ಬಿದ್ದರೆ ಗುರುತಿಸುವ ಇಂಥದ್ದೊಂದು ವಾಚ್ ತಂದುಕೊಟ್ಟೆ. ಯಾವ ಕಂಪನಿಯದು ಅಂತ ಬರೆಯಲ್ಲ. ಕೊಳ್ಳುವಾಗ ನಾನು ಹಟ ಹಿಡಿದದ್ದು ಒಂದಕ್ಕೇ: ವಾಚಿನಲ್ಲೇ ಸಿಮ್ ಇರಬೇಕು. ಅಂಗಡಿಯವರು ತೋರಿಸಿದ ಬಹುಪಾಲು ವಾಚುಗಳು ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸಿಕೊಂಡೇ ಕರೆ ಮಾಡುವಂಥವು. ಹತ್ತು ಮೀಟರ್ ಆಚೆ ಹೋದರೆ ಅದು ಬರೀ ಗಡಿಯಾರ. ಅಪ್ಪನ ಫೋನು ಆ ರಾತ್ರಿ ಇದ್ದದ್ದು ಮೊಳೆಗೆ ನೇತುಹಾಕಿದ ಅಂಗಿಯಲ್ಲಿ, ಇನ್ನೂರು ಮೀಟರ್ ದೂರ. ಹಳ್ಳಿಯಲ್ಲಿರುವ ತಂದೆತಾಯಿಗೆ ವಾಚ್ ಕೊಡಿಸುವವರು ದಯವಿಟ್ಟು ಇದನ್ನು ಮೊದಲು ಕೇಳಿ. ಸಿಮ್ ಹಾಕಿಸಿದ ಮೇಲೆ ಮೋಟರ್ ಮನೆ, ಕೊಟ್ಟಿಗೆ, ಬಚ್ಚಲು, ಗದ್ದೆಯ ನಾಲ್ಕು ಮೂಲೆ, ಎಲ್ಲಾ ಕಡೆ ನಿಂತು ಕರೆ ಮಾಡಿ ನೋಡಿ. ನಾನು ನೋಡಿದೆ. ಕಬ್ಬಿನ ಒಳಗೆ ಎರಡು ಕಂಪನಿಯ ಸಿಗ್ನಲ್ ಸಿಗಲಿಲ್ಲ, ಮೂರನೆಯದು ಸಿಕ್ಕಿತು, ಅದನ್ನೇ ಹಾಕಿಸಿದೆ.

ಚಾರ್ಜಿಂಗ್ ಇನ್ನೊಂದು ತಲೆನೋವು. ಎಲ್ಲರೂ ರಾತ್ರಿ ಮಲಗುವಾಗ ಬಿಚ್ಚಿ ಚಾರ್ಜಿಗೆ ಹಾಕ್ತಾರೆ. ವಯಸ್ಸಾದವರು ರಾತ್ರಿ ಎರಡು ಸಲ ಎದ್ದು ಹೊರಗೆ ಹೋಗುವುದೂ ಆಗಲೇ. ಹಾಗಾಗಿ ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ, ಅವ್ವ ಸೀರಿಯಲ್ ನೋಡುವ ಹೊತ್ತಿಗೆ, ಅಪ್ಪನೂ ಪಕ್ಕದಲ್ಲೇ ಕೂತಿರುವಾಗ ಬಿಚ್ಚುವುದು. ಊಟಕ್ಕೆ ಏಳುವಾಗ ಅವ್ವನೇ ಕಟ್ಟುತ್ತಾಳೆ. ಅವಳಿಗೂ ಒಂದು ತರುತ್ತೇನೆ ಅಂದಿದ್ದಕ್ಕೆ ಬಳೆ ಇರೋ ಕೈಗೆ ಬೇಡ ಅಂದಳು. ಕರಿಮಣಿ ಜೊತೆ ಕೊರಳಿಗೆ ಹಾಕಿಕೊಳ್ಳುವಂಥದ್ದು ಸಿಗುತ್ತಾ ಅಂತ ಹುಡುಕುತ್ತಿದ್ದೇನೆ.

ಮೊದಲ ತಿಂಗಳು ಸುಳ್ಳು ಕರೆಗಳು ಬಂದವು. ಎಮ್ಮೆ ಬೆನ್ನಿಗೆ ಪಟ್ಟನೆ ಬಾರಿಸಿದ್ದಕ್ಕೆ ಒಂದು, ಬೆಲ್ಲದ ಅಚ್ಚು ಒಡೆದಿದ್ದಕ್ಕೆ ಒಂದು. ಒಂದು ಶನಿವಾರ ನಾನು ಕ್ಲಾಸಿನಲ್ಲಿದ್ದಾಗ ಬಂತು. ಬೋರ್ಡಿನ ಮುಂದೆ ನಿಂತಿದ್ದವಳು ಹೊರಗೆ ಓಡಿದೆ. ಕೈ ನಡುಗಿ ಮೂರು ಮನೆ ಆಚೆಯ ಹುಡುಗನಿಗೆ ಫೋನ್ ಒತ್ತೋಕೂ ಆಗಲಿಲ್ಲ. ಅವನೇ ಮಾಡಿದ: ‘ಅಕ್ಕಾ, ತಾತ ದೇವಸ್ಥಾನದಲ್ಲವ್ರೆ, ಏನೂ ಆಗಿಲ್ಲ.’ ಹನುಮಂತರಾಯನ ಗುಡಿಯಲ್ಲಿ ಕಾಯಿ ಒಡೆದಿದ್ದರು. ಕೈ ಮೇಲಕ್ಕೆತ್ತಿ ರಭಸದಿಂದ ಇಳಿಸಿ, ಕಲ್ಲಿಗೆ ಹೊಡೆದು, ಆಮೇಲೆ ಕಣ್ಣು ಮುಚ್ಚಿ ಕೈ ಮುಗಿದು ಅಲುಗಾಡದೆ ನಿಂತಿದ್ದಾರೆ. ಇಳಿತ, ಏಟು, ಮೌನ. ಯಂತ್ರದ ಲೆಕ್ಕ ಸರಿಯಾಗೇ ಇತ್ತು. ಈಗ ಕಾಯಿ ಒಡೆಯುವ ಮೊದಲು ವಾಚನ್ನು ಎಡಗೈಗೆ ಬದಲಿಸಿಕೊಳ್ಳುತ್ತಾರೆ.

ಆ ಹುಡುಗನ ಬಗ್ಗೆ ಹೇಳಲೇಬೇಕು. ವಾಚ್ ಕರೆ ಮೊದಲು ಯಾರಿಗೆ ಹೋಗಬೇಕು ಅಂದಾಗ ತಮ್ಮ ತನ್ನ ನಂಬರ್ ಕೊಟ್ಟ. ನಾನು ನನ್ನದು ಅಂದೆ. ಕೂತು ಯೋಚಿಸಿದರೆ, ಅವನು ಬೆಂಗಳೂರಿನಿಂದ ಏನು ಮಾಡ್ತಾನೆ, ನಾನು ಮೈಸೂರಿನಿಂದ ಏನು ಮಾಡ್ತೀನಿ? ನಾನು ಹೊರಟು ಮುಟ್ಟೋಕೆ ಒಂದು ಗಂಟೆ ಬೇಕು. ಹಾಗಾಗಿ ಮೊದಲ ನಂಬರು ಮೂರು ಮನೆ ಆಚೆಯ, ಪಿಯುಸಿ ಓದುವ ಈ ಹುಡುಗನದು. ಗದ್ದೆ ಗೊತ್ತು, ಮೋಟರ್ ಮನೆ ಗೊತ್ತು, ಸೈಕಲ್ ಇದೆ. ಎರಡನೆಯದು ನಮ್ಮ ಚಿಕ್ಕಪ್ಪನದು. ಮೂರನೆಯವಳು ನಾನು. 108ಕ್ಕೆ ಕರೆ ಮಾಡುವುದು, ಅರಳಿ ಮರದ ಹತ್ತಿರ ಒಬ್ಬರು ನಿಂತು ಆಂಬುಲೆನ್ಸಿಗೆ ದಾರಿ ತೋರಿಸುವುದು, ಎತ್ತುವ ಮೊದಲು ಕಾಲಿಗೆ ದಬ್ಬೆ ಕಟ್ಟುವುದು, ಇಷ್ಟನ್ನು ಒಂದು ಭಾನುವಾರ ಎಲ್ಲರೂ ಸೇರಿ ಅಭ್ಯಾಸ ಮಾಡಿದೆವು. 112, ಹಿರಿಯರ ಸಹಾಯವಾಣಿ 14567, ಇವನ್ನೂ ದಪ್ಪ ಅಕ್ಷರದಲ್ಲಿ ಬರೆದು ಸ್ವಿಚ್ ಬೋರ್ಡಿನ ಮೇಲೆ ಅಂಟಿಸಿದ್ದೇನೆ.

ಇನ್ನು ಡ್ರೋನ್. ಅಪ್ಪ ಬೀಳುವ ಮೂರು ತಿಂಗಳ ಮೊದಲು, 2024ರ ದಸರೆಯಲ್ಲಿ, ಅವರನ್ನು ಬನ್ನಿಮಂಟಪಕ್ಕೆ ಕರೆದುಕೊಂಡು ಹೋಗಿದ್ದೆ. ಆ ವರ್ಷ 1,500 ಡ್ರೋನ್‌ಗಳು ಆಕಾಶದಲ್ಲಿ ಬೆಳಕಿನ ಚಿತ್ರ ಬರೆದವು. ಅಪ್ಪ ಕತ್ತೆತ್ತಿ ನೋಡಿ ನೋಡಿ ಕತ್ತು ನೋವು ಅಂದರು. ಆಸ್ಪತ್ರೆಯಲ್ಲಿ ಒಂದು ರಾತ್ರಿ ತಾವಾಗಿಯೇ ಕೇಳಿದರು, ‘ಅವತ್ತು ಅಷ್ಟೊಂದು ಹಾರುಸ್ತಿದ್ರಲ್ಲವ್ವಾ, ಅದ್ರಲ್ಲಿ ಒಂದಾದ್ರೂ ನಮ್ಮ ಗದ್ದೆ ಮ್ಯಾಲೆ ಬಂದಿದ್ರೆ ಆಯ್ತಿರ್ನಿಲ್ವಾ?’ ಅಂತ. ಆಗ ಉತ್ತರ ಕೊಡೋಕೆ ಆಗಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಇದರ ಹಿಂದೆಯೇ ಬಿದ್ದೆ.

ಡ್ರೋನ್ ಜೀವ ಉಳಿಸಿದ್ದಿದೆ. ಸ್ವೀಡನ್ನಿನ ಟ್ರೋಲ್‌ಹೆಟ್ಟಾನ್ ಊರಿನಲ್ಲಿ 2021ರ ಡಿಸೆಂಬರಿನಲ್ಲಿ 71 ವರ್ಷದ ಒಬ್ಬರು ಮನೆ ಮುಂದೆ ಹಿಮ ಎತ್ತುವಾಗ ಹೃದಯ ನಿಂತು ಬಿದ್ದರು. ಮೂರು ನಿಮಿಷ ಚಿಲ್ಲರೆಯಲ್ಲಿ ಡ್ರೋನ್ ಹೃದಯಕ್ಕೆ ಶಾಕ್ ಕೊಡುವ ಯಂತ್ರ ತಂದು ಇಳಿಸಿತು, ಅವರು ಬದುಕಿದರು. ಅಲ್ಲಿಯ ಕರೋಲಿನ್ಸ್ಕಾ ಸಂಸ್ಥೆಯವರು 2023ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಮೂರರಲ್ಲಿ ಎರಡು ಪಾಲು ಪ್ರಕರಣಗಳಲ್ಲಿ ಡ್ರೋನ್ ಆಂಬುಲೆನ್ಸಿಗಿಂತ ಮೊದಲು ಮುಟ್ಟಿದೆ, ಅವುಗಳಲ್ಲಿ ಅರ್ಧದಷ್ಟರಲ್ಲಿ 3 ನಿಮಿಷ 14 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಮುಂಚೆ. ನಮ್ಮಲ್ಲೂ 2021ರ ಜೂನ್‌ನಲ್ಲಿ ಗೌರಿಬಿದನೂರಿನಲ್ಲಿ ಕಣ್ಣಳತೆಯಾಚೆಗೆ ಡ್ರೋನ್ ಹಾರಿಸಿ ಔಷಧ ಸಾಗಿಸುವ ಪ್ರಯೋಗ ನಡೆಯಿತು. 2023ರಲ್ಲಿ ರಿಷಿಕೇಶದ ಏಮ್ಸ್‌ನಿಂದ ಬೆಟ್ಟದ ಮೇಲಿನ ತೆಹ್ರಿ ಕಡೆಗೆ ಕ್ಷಯದ ಮಾತ್ರೆ ಅರ್ಧ ಗಂಟೆಯಲ್ಲಿ ಹೋಯಿತು.

ಆದರೆ ಇವೆಲ್ಲ, ಎಲ್ಲಿಗೆ ಹೋಗಬೇಕು ಅಂತ ಯಾರೋ ಫೋನ್ ಮಾಡಿ ಹೇಳಿದ ಮೇಲೆ ಹೋದ ಡ್ರೋನ್‌ಗಳು. ಅಪ್ಪನ ವಿಷಯದಲ್ಲಿ ಹೇಳುವವರೇ ಇರಲಿಲ್ಲ. ಹೀಗಿರುವಾಗ ಡ್ರೋನ್ ತಾನೇ ಹುಡುಕಬಲ್ಲದೇ? ನಮ್ಮ ಪಕ್ಕದೂರಿನ ಸಂಘದ ಹೆಣ್ಣುಮಗಳೊಬ್ಬಳು ಡ್ರೋನ್ ದೀದಿ ಯೋಜನೆಯಲ್ಲಿ ತರಬೇತಿ ಪಡೆದು ಔಷಧಿ ಹೊಡೆಯುವ ಡ್ರೋನ್ ಓಡಿಸುತ್ತಾಳೆ. ಅವಳನ್ನೇ ಕೇಳಿದೆ. ಕಬ್ಬಿನ ಮೇಲೆ ಹಾರಿಸಿ ತೋರಿಸಿದಳು. ‘ನೋಡಿ ಅಕ್ಕ, ಮೇಲಿಂದ ಬರೀ ಗರಿ. ಒಳಗೆ ಆನೆ ನಿಂತಿದ್ರೂ ಕಾಣಲ್ಲ.’ ಮೈಶಾಖ ಗುರುತಿಸುವ ಥರ್ಮಲ್ ಕ್ಯಾಮೆರಾ ಬಯಲಲ್ಲಿ ರಾತ್ರಿ ಚೆನ್ನಾಗಿ ಕೆಲಸ ಮಾಡುತ್ತೆ, ದಟ್ಟ ಎಲೆಯ ಕೆಳಗಿದ್ದವರನ್ನು ತೋರಿಸಲ್ಲ. ಎಲೆ ಆ ಶಾಖವನ್ನು ತಡೆದುಬಿಡುತ್ತೆ. ಹತ್ತಡಿ ಎತ್ತರದ ಕಬ್ಬಿನೊಳಗೆ ಅಪ್ಪ ಮಲಗಿದ್ದಲ್ಲಿಗೆ ಅದರ ಕಣ್ಣು ಹೋಗುತ್ತಿರಲಿಲ್ಲ.

ಕೈಯಲ್ಲಿ ವಾಚ್ ಇದ್ದಿದ್ದರೆ ಕತೆ ಬೇರೆ. ಜಿಪಿಎಸ್ ಕೆಲವೇ ಮೀಟರ್ ಆಚೀಚೆ ಜಾಗ ಹೇಳುತ್ತೆ. ಆ ಜಾಗದ ನೇರ ಮೇಲೆ ಡ್ರೋನ್ ಒಂದು ಲೈಟು ಹಾಕಿಕೊಂಡು ನಿಂತರೆ, ಕಬ್ಬಿನೊಳಗೆ ದಾರಿ ತಪ್ಪುವ ಜನ ಆ ಬೆಳಕು ನೋಡಿಕೊಂಡು ನೇರ ಬರಬಹುದು. ಒಂದು ಸ್ಪೀಕರ್ ಇದ್ದರೆ ಬಿದ್ದವರ ಜೊತೆ ಮಾತಾಡಬಹುದು, ಅಲುಗಾಡಬೇಡಿ, ಬರ್ತಾ ಇದ್ದೀವಿ ಅಂತ. ಬೆಚ್ಚಗಿಡುವ ತೆಳು ಹೊದಿಕೆ ಇಳಿಸಬಹುದು. ಎತ್ತೋಕೆ ಮನುಷ್ಯರೇ ಬೇಕು. ನನಗೆ ಬೇಕಾಗಿರುವುದು ಇಷ್ಟೇ: ಔಷಧಿ ಹೊಡೆಯುವ ಡ್ರೋನ್‌ಗಳು ಈಗಾಗಲೇ ಮಂಡ್ಯದ ಹಳ್ಳಿಗಳಿಗೆ ಬಂದಿವೆ, ಓಡಿಸಲು ಬರುವ ಹೆಣ್ಣುಮಕ್ಕಳಿದ್ದಾರೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೊಂದು ಸಣ್ಣ ಡ್ರೋನ್ ಕೊಟ್ಟು, ಇವರಿಗೇ ರಾತ್ರಿ ಹಾರಿಸುವ ತರಬೇತಿ ಕೊಡಬಹುದಲ್ಲ. 2021ರ ಡ್ರೋನ್ ನಿಯಮದಲ್ಲಿ ಹಸಿರು ವಲಯದಲ್ಲಿ, ಅಂದರೆ ನಿರ್ಬಂಧ ಇಲ್ಲದ ಪ್ರದೇಶದಲ್ಲಿ, 400 ಅಡಿವರೆಗೆ ಹಾರಿಸಲು ಮೊದಲೇ ಅನುಮತಿ ಬೇಡ. ಕಬ್ಬಿನ ಮೇಲೆ ನಿಲ್ಲೋಕೆ ನೂರಡಿ ಸಾಕು. ಈ ವರ್ಷದ ಫೈನಲ್ ಇಯರ್ ಹುಡುಗರಿಗೆ ಇದನ್ನೇ ಪ್ರಾಜೆಕ್ಟ್ ಕೊಟ್ಟಿದ್ದೇನೆ: ವಾಚಿನಿಂದ ಬಂದ ಜಾಗಕ್ಕೆ ಲೈಟು ಹೊತ್ತು ಹೋಗಿ ನಿಲ್ಲುವುದು. ಪರೀಕ್ಷೆ ನಮ್ಮ ಗದ್ದೆಯಲ್ಲೇ, ನಾನೇ ಕಬ್ಬಿನೊಳಗೆ ಮಲಗುತ್ತೇನೆ ಅಂದಿದ್ದೇನೆ.

ಇದೆಲ್ಲದಕ್ಕೂ ಮೊದಲು ಮಾಡಿದ ಕೆಲಸ ಒಂದಿದೆ, ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದು. ಮನೆಯಿಂದಲೇ ಆನ್, ಮನೆಯಿಂದಲೇ ಆಫ್. ಆದರೂ ಮಡೆ ತಿರುಗಿಸೋಕೆ ಯಾರಾದರೂ ಹೋಗಲೇಬೇಕು, ಅದಕ್ಕೇ ಒಂದು ಎಕರೆಗೆ ಹನಿ ನೀರಾವರಿ ಹಾಕಿಸಿದೆವು. ಹಗಲು ಹೊತ್ತು ತ್ರೀ ಫೇಸ್ ಕೊಟ್ಟುಬಿಟ್ಟರೆ ಎಷ್ಟು ಮುದುಕರು ರಾತ್ರಿ ಮನೆಯಲ್ಲಿ ಮಲಗುತ್ತಾರೆ! ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್ಟುಗಳಿಗೆ ಸೋಲಾರ್‌ನಿಂದ ಹಗಲಲ್ಲೇ ಕರೆಂಟು ಕೊಡುವ ಕೆಲಸ ನಡೆದಿದೆ. ಅದು ಬೇಗ ನಮ್ಮ ಫೀಡರಿಗೂ ಬರಲಿ.

ಅಪ್ಪ ಈಗ ಕೋಲು ಹಿಡಿದು ಓಡಾಡುತ್ತಾರೆ. ಫಿಸಿಯೋಥೆರಪಿಯವರು ಒಂದು ಪರೀಕ್ಷೆ ಹೇಳಿಕೊಟ್ಟಿದ್ದಾರೆ: ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ಬೀಳುವ ಅಪಾಯ ಇದೆ ಅಂತ. ಮೊದಲು 19 ಬಂದಿತ್ತು, ಹೋದ ವಾರ 14.

ಹೋದ ವಾರವೇ ಇನ್ನೊಂದು ಆಯಿತು. ಬಚ್ಚಲಿನಿಂದ ಬರುವಾಗ ತಲೆ ತಿರುಗಿ, ಗೋಡೆಗೆ ಒರಗಿ, ಮೆಲ್ಲಗೆ ಜಾರಿ ನೆಲಕ್ಕೆ ಕೂತರು. ಏಳೋಕೆ ಆಗಲಿಲ್ಲ. ಅವ್ವ ಡೈರಿಗೆ ಹಾಲು ಹಾಕೋಕೆ ಹೋಗಿದ್ದಳು. ಇಳಿತವೂ ಇಲ್ಲ, ಏಟೂ ಇಲ್ಲ, ವಾಚ್ ತೆಪ್ಪಗಿತ್ತು. ಅಪ್ಪನೇ ವಾಚಿನ ಪಕ್ಕದ ಗುಂಡಿ ಅದುಮಿ ಹಿಡಿದಿದ್ದಾರೆ. ನಾಲ್ಕು ನಿಮಿಷದಲ್ಲಿ ಹುಡುಗ ಬಂದಿದ್ದ.

ನಾನು ಫೋನ್ ಮಾಡಿ, ‘ಸದ್ಯ, ವಾಚ್ ಇತ್ತಲ್ಲಪ್ಪಾ’ ಅಂದೆ.

‘ಅದೇನೂ ಮಾಡ್ನಿಲ್ಲ ಕಣವ್ವಾ’ ಅಂದರು. ‘ನಾನೇ ಒತ್ತಿದ್ದು.’